ಹೂಂ ಅನ್ನಬೇಡ ಅಜ್ಜಿ

ಮೊನ್ನೆ ಟೀವಿಯಲ್ಲಿ ವಾರ್ತೆ ಓದುವ ಹುಡುಗಿಗೆ ನಾನು ಹೂಂ ಅಂದೆನಂತೆ. ಒಂದು ಸಲ ಅಂದಿದ್ದರೆ ಯಾರೂ ಗಮನಿಸುತ್ತಿರಲಿಲ್ಲ. ಅವಳು ಉಸಿರು ಎಳೆದುಕೊಂಡಾಗಲೆಲ್ಲ ಅಂದೆನಂತೆ. ಹರ್ಷಿತಾ, ನೀನು ಚಾಪೆಯ ಮೇಲೆ ಹೊರಳಾಡಿ ನಕ್ಕೆ. ಸಾಲದ್ದಕ್ಕೆ ನಿನ್ನ ತಮ್ಮ ಧನುವನ್ನೂ ಕರೆದು ತೋರಿಸಿದೆ. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದೆ. ಒಲೆಯ ಮುಂದೆ ನಿಂತ ಮೇಲೆ ನನಗೂ ನಗು ಬಂತು. ಆದರೂ ನೀವೇ ಯೋಚನೆ ಮಾಡಿ. ಆ ಹುಡುಗಿ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು, ನಮ್ಮ ಮುಖವನ್ನೇ ನೋಡುತ್ತ ಅಷ್ಟೊಂದು ಹೇಳುತ್ತಿದ್ದಾಳೆ. ಹೂಂ ಅನ್ನದೆ ಹೇಗೆ ಕೂರುವುದು?

ನಗಿ, ಮಕ್ಕಳೇ. ಆದರೆ ಈ ಹೂಂ ನಿಮ್ಮ ದೊಡ್ಡಪ್ಪನ ಮಗಳು ಚೈತ್ರಕ್ಕನನ್ನು ಇನ್ನೇನು ಮುಳುಗಿಸಿಬಿಡುವುದರಲ್ಲಿತ್ತು. ಆಗ ನೀವು ಮಾಗಡಿಯಲ್ಲಿದ್ದಿರಿ, ನೋಡಿಲ್ಲ. ಬಾಯಲ್ಲಿ ಹೇಳು ಅಂದರೆ ನನ್ನಿಂದಾಗದು. ನಿಮ್ಮಿಬ್ಬರ ಮುಂದೆ ಕೂತರೂ ನಾಲಿಗೆ ಒಣಗುತ್ತದೆ. ಬರೆಯುವುದಾದರೆ ಪರವಾಗಿಲ್ಲ, ಕಾಗದ ನಮ್ಮ ಮುಖ ನೋಡುವುದಿಲ್ಲ. ಹಳ್ಳಿ ಶಾಲೆಯಲ್ಲಿ ಏಳನೇ ತರಗತಿವರೆಗೆ ಕಲಿತದ್ದು ಇದಕ್ಕಾದರೂ ಬರಲಿ.

ನನ್ನ ತವರು ಚನ್ನಪಟ್ಟಣದ ಕಡೆ. ಕುರಿ ಸಾಕುವ ಮನೆ. ಸಂಜೆ ಕುರಿ ದೊಡ್ಡಿ ಸೇರಿದ ಮೇಲೆ ನನ್ನ ತಾತ ಕಂಬಳಿ ಹಾಸಿಕೊಂಡು ಕತೆ ಶುರುಮಾಡುತ್ತಿದ್ದ. ಹಗಲು ಕೇಳಿದರೆ ಹೇಳುತ್ತಿರಲಿಲ್ಲ. ಹಗಲು ಕತೆ ಹೇಳಿದರೆ ಸೋದರಮಾವ ದಾರಿ ತಪ್ಪುತ್ತಾನೆ ಅನ್ನುತ್ತಿದ್ದ. ಕತೆಗೆ ಒಂದು ಕಟ್ಟುಪಾಡಿತ್ತು. ಕೇಳುವವರಲ್ಲಿ ಒಬ್ಬರು ಮಾತುಮಾತಿಗೂ ಹೂಂಗುಟ್ಟಬೇಕು. ಹೂಂ ನಿಂತರೆ ಕತೆಯೂ ನಿಲ್ಲುತ್ತಿತ್ತು. ಹೂಂಗುಟ್ಟುವವರಿಲ್ಲದ ಕತೆ ಗೋಡೆಗೆ ಹೇಳಿದ ಹಾಗೆ ಅನ್ನುವುದು ಅವನ ಮಾತು. ನನ್ನ ಅಣ್ಣಂದಿರು ಕತೆಯ ಮಧ್ಯೆ ಎದ್ದು ಹೋಗುತ್ತಿದ್ದರು, ಇಲ್ಲವೇ ಅಡ್ಡಮಾತು ಹಾಕುತ್ತಿದ್ದರು. ನಾನು ಬಾಯಿಲ್ಲದವಳು. ಹಾಗಾಗಿ ಹೂಂಗುಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಅದರಲ್ಲಿ ನಾನು ಎಷ್ಟು ಪಳಗಿದ್ದೆನೆಂದರೆ ತೂಕಡಿಸುತ್ತಲೂ ಹೂಂ ಅನ್ನುತ್ತಿದ್ದೆ. ತಾತನಿಗೆ ಅದು ಗೊತ್ತಿತ್ತು. ಕತೆಯ ನಡುವೆ ಮೆಲ್ಲಗೆ, ಅದೇ ದನಿಯಲ್ಲಿ, "ಆಮ್ಯಾಕೆ ರಾಜ ಒಂದ್ ಬೊಗ್ಸೆ ಕುರಿಹಿಕ್ಕೆ ತಿಂದ" ಅನ್ನುತ್ತಿದ್ದ. ನಾನು ಹೂಂ ಅನ್ನುತ್ತಿದ್ದೆ. ಮನೆಯೆಲ್ಲ ನಗುತ್ತಿತ್ತು. ನಾನು ಎಚ್ಚರಗೊಂಡು ಅದಕ್ಕೂ ಒಂದು ಹೂಂ ಸೇರಿಸುತ್ತಿದ್ದೆ.

ಶಾಲೆಯಲ್ಲೂ ಅದೇ ನಡೆಯಿತು. ಮೇಷ್ಟ್ರು ಹಲಗೆಯ ತುಂಬ ಭಿನ್ನರಾಶಿಯ ಲೆಕ್ಕ ಬರೆದು ತಿರುಗಿ, ತಿಳೀತಾ ಅಂತ ಕೇಳುತ್ತಿದ್ದರು. ಇಡೀ ತರಗತಿ ಒಂದೇ ಕೊರಳಲ್ಲಿ, ತಿಳೀತು ಸಾ ಅನ್ನುತ್ತಿತ್ತು. ತಿಳಿಯಲಿಲ್ಲ ಅನ್ನುವವರು ಎದ್ದು ನಿಲ್ಲಬೇಕಿತ್ತು. ಎದ್ದು ನಿಂತರೆ ಎಲ್ಲರೂ ತಿರುಗಿ ನೋಡುತ್ತಾರೆ. ಅದಕ್ಕಿಂತ ಲೆಕ್ಕ ಬಾರದಿರುವುದೇ ವಾಸಿ ಅನ್ನಿಸುತ್ತಿತ್ತು. ಬಾಕಿ ಉಳಿದ ಆ ಭಿನ್ನರಾಶಿ ಇವತ್ತಿಗೂ ಬಾಕಿಯೇ. ಆದರೂ ಮೇಷ್ಟ್ರ ಮೇಲೆ ನನಗೆ ಕೋಪವಿಲ್ಲ. ಇಷ್ಟು ಬರೆಯುವ ಅಕ್ಷರ ಕೊಟ್ಟವರು ಅವರೇ.

ಕನಕಪುರ ರಸ್ತೆಯ ಈ ಊರಿಗೆ ಸೊಸೆಯಾಗಿ ಬಂದೆ. ನಿಮ್ಮ ತಾತ ನನಗೆ ತದ್ವಿರುದ್ಧ. ಹೊಲ, ಹಿಪ್ಪುನೇರಳೆ, ನೀರಿನ ಪಂಪು, ಪಕ್ಕದವರ ಬೇಲಿ, ಎಲ್ಲವನ್ನೂ ನನಗೆ ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ನಾನು ರೇಷ್ಮೆ ಹುಳಕ್ಕೆ ಸೊಪ್ಪು ಹೆಚ್ಚುತ್ತ ಹೂಂ ಅನ್ನುತ್ತಿದ್ದೆ. ನಿನ್ ತಾವ ಹೇಳ್ಕಂಡ್ರೆ ಮನ್ಸು ಹಗುರಾಯ್ತದೆ ಕಣಮ್ಮಿ ಅನ್ನುತ್ತಿದ್ದರು. ಅರ್ಧಕ್ಕರ್ಧ ನನಗೆ ತಿಳಿಯುತ್ತಿರಲಿಲ್ಲ. ಆದರೆ ಅವರಿಗೆ ಬೇಕಾಗಿದ್ದದ್ದು ನನಗೆ ತಿಳಿಯುವುದಲ್ಲ, ಅವರಿಗೆ ಹಗುರವಾಗುವುದು. ಅದಾಗುತ್ತಿತ್ತು. ಅವರು ಹೋದ ಮೇಲೆ ಬಹಳ ದಿನ ಸೊಪ್ಪು ಹೆಚ್ಚುವಾಗ ಮನೆ ಬಿಕೋ ಅನ್ನುತ್ತಿತ್ತು. ಹೂಂ ಅನ್ನಲು ಯಾರೂ ಇರಲಿಲ್ಲ.

ಅಲ್ಲಿಗೆ ಬಂದಳು ನೋಡಿ ಚೈತ್ರ.

ಅವಳು ಕನಕಪುರದಲ್ಲಿ ಬಿ.ಕಾಂ. ಮುಗಿಸಿ, ಬಿಡದಿಯಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಗೋಡೌನ್ ಆಫೀಸಿಗೆ ಸೇರಿದ್ದಳು. ಯಾವ ಸಾಮಾನು ಬಂತು, ಯಾವುದು ಹೋಯಿತು ಎಂದು ಬರೆದಿಡುವ ಕೆಲಸ. ಒಂದು ದಿನ ಅವಳಿಗೆ ಕಂಡಿತಂತೆ: ಒಂದು ಸಾಮಾನು ತಿಂಗಳುಗಟ್ಟಲೆ ಧೂಳು ಹಿಡಿದು ಕೂತಿದೆ, ಇನ್ನೊಂದು ಪ್ರತಿ ವಾರ ಸಾಲದೇ ಬಂದು ಕೆಲಸ ನಿಲ್ಲುತ್ತಿದೆ. ಮ್ಯಾನೇಜರಿಗೆ ಹೇಳಿದಳು. ಆತ ಒಳ್ಳೆಯವನೇ. ಅದನ್ನ ನೋಡೋಕೆ ಬೇರೆಯವರಿದ್ದಾರಮ್ಮ ಅಂದನಂತೆ. ಆ ಬೇರೆಯವರು ಎಂ.ಬಿ.ಎ. ಓದಿದವರು. ಅವತ್ತು ಸಂಜೆ ಬಂದು ನನ್ನ ಪಕ್ಕ ಕೂತು ಹೇಳಿದಳು: "ಅಜ್ಜಿ, ಆ ಬೇರೆಯೋರು ನಾನೇ ಆಗ್ಬೇಕು." ನಾನು ಹೂಂ ಅಂದೆ.

ಎಂ.ಬಿ.ಎ. ಓದಬೇಕಾದರೆ ಮೊದಲು ಒಂದು ಪ್ರವೇಶ ಪರೀಕ್ಷೆ. ಅದರಲ್ಲಿ ಒಳ್ಳೆಯ ರ‍್ಯಾಂಕು ಬಂದರೆ ಸರ್ಕಾರಿ ಕಾಲೇಜು, ನಮ್ಮಂಥವರೂ ಓದಿಸಬಹುದು. ಇಲ್ಲದಿದ್ದರೆ ಖಾಸಗಿ, ಅದರ ಮಾತೇ ಬೇಡ. ಮೊದಲ ವರ್ಷ ಅವಳು ಒಂದು ದಪ್ಪ ಪುಸ್ತಕ ತಂದುಕೊಂಡು ತಾನೇ ಓದಿ ಬರೆದಳು. ಲೆಕ್ಕ ಬಂತು. ಇಂಗ್ಲಿಷ್ ಕೈಕೊಟ್ಟಿತು. ಒಂದು ಪುಟ ಕೊಟ್ಟು, ಓದಿ ಪ್ರಶ್ನೆಗೆ ಉತ್ತರ ಹೇಳು ಅನ್ನುತ್ತಾರಂತೆ. ಓದಿದಳು, ಉತ್ತರ ಬರೆದಳು, ಬಹಳಷ್ಟು ತಪ್ಪು. ಅವಳಪ್ಪ ಶಿವರಾಜು, ನನ್ನ ಹಿರಿಯ ಮಗ, ಬೈಯುವವನಲ್ಲ. ಹಟ್ಟಿಯ ಮುಂದೆ ನಿಂತು ಇಷ್ಟೇ ಹೇಳಿದ: "ಇನ್ನೊಂದ್ ಸಲ ಬರಿ ಮಗಾ. ಆಗ್ನಿಲ್ಲ ಅಂದ್ರೆ ಬುಟ್ಬುಡು. ಕೈಲೊಂದು ಕೆಲ್ಸ ಐತಲ್ಲ." ಅವಳೂ ಆಗಲಿ ಅಂದಳು. ಹೇಳಿದ ಮಾತಿಗೆ ತಪ್ಪುವ ಹುಡುಗಿಯಲ್ಲ ಅದು. ಎರಡನೆಯ ಸಲವೂ ಹೋದರೆ ಮತ್ತೆ ಬಾಯಿ ಬಿಟ್ಟು ಕೇಳುವುದಿಲ್ಲ ಅನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅಪ್ಪ ಮಗಳು ಬೆಂಗಳೂರಿಗೆ ಹೋಗಿ ಒಂದು ಕೋಚಿಂಗ್ ಸೆಂಟರ್ ನೋಡಿಕೊಂಡು ಬಂದರು. ಗಾಜಿನ ಕಟ್ಟಡವಂತೆ, ಒಳಗೆ ಚಳಿಯಂತೆ. ಫೀಸು ಕೇಳಿದ ಶಿವರಾಜು ಅವರು ಕೊಟ್ಟ ತಣ್ಣೀರು ಕುಡಿದು, ಯೋಚ್ನೆ ಮಾಡಿ ಬತ್ತೀವಿ ಅಂತ ಎದ್ದು ಬಂದ.

ಆಮೇಲೆ ಚೈತ್ರಳ ಜೊತೆ ಕೆಲಸ ಮಾಡುವ ಹುಡುಗಿಯೊಬ್ಬಳು ರಾಮನಗರದ ನಸ್ರೀನ್ ಮಿಸ್ ವಿಷಯ ಹೇಳಿದಳು. ದೇವರು ಆ ಹುಡುಗಿಯನ್ನು ಚೆನ್ನಾಗಿಟ್ಟಿರಲಿ, ಹೆಸರು ಕೂಡ ನಾನು ಕೇಳಲಿಲ್ಲ. ನಸ್ರೀನ್ ಮಿಸ್ ತಾವೂ ಎಂ.ಬಿ.ಎ. ಓದಿ, ಬ್ಯಾಂಕಿನಲ್ಲಿ ಕೆಲಸ ಮಾಡಿ, ಮಕ್ಕಳಾದ ಮೇಲೆ ಬಿಟ್ಟವರು. ಮನೆಯವರದು ರೇಷ್ಮೆಗೂಡಿನ ನೂಲು ಬಿಚ್ಚುವ ಕಾರ್ಖಾನೆ. ಅದರ ಮೇಲಿನ ಒಂದು ಕೋಣೆಯಲ್ಲಿ ಪಾಠ. ಬಿಡದಿ, ಚನ್ನಪಟ್ಟಣ, ಹಾರೋಹಳ್ಳಿಯಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರು ಭಾನುವಾರ ಬಂದು ಕೂರುತ್ತಿದ್ದರು. ಫೀಸು ತಿಂಗಳು ತಿಂಗಳು, ನಮ್ಮ ಕೈಗೆ ಎಟುಕುವಷ್ಟು. ನಮ್ಮ ಮನೆಯದು ರೇಷ್ಮೆ ಎಂದು ತಿಳಿದು, ಗೂಡು ಮಾರಿದ ಮೇಲೆ ಕೊಟ್ಟರೆ ಸಾಕು ಅಂದರಂತೆ.

ಮಿಸ್ ದಪ್ಪ ಪುಸ್ತಕ ತೆಗೆಸಲೇ ಇಲ್ಲ. ಮೊದಲಿಗೆ ಪಾಠವನ್ನೂ ಮಾಡಲಿಲ್ಲ. ಹಳೆಯ ಪ್ರಶ್ನೆಪತ್ರಿಕೆ ಕೊಟ್ಟು, ಎದುರಿಗೆ ಗಡಿಯಾರ ಇಟ್ಟು ಬರೆಸುತ್ತಿದ್ದರು. ಪಕ್ಕದಲ್ಲಿ ಕೂತು ಹುಡುಗಿ ಎಲ್ಲಿ ಎಡವುತ್ತಾಳೆ ಎಂದು ನೋಡುತ್ತಿದ್ದರು. ಕಾಯಿಲೆ ಯಾವುದು ಅಂತ ಗೊತ್ತಾಗದೆ ಗುಳಿಗೆ ಯಾಕೆ ಅನ್ನುತ್ತಿದ್ದರಂತೆ. ಬಾರದ ಲೆಕ್ಕಕ್ಕೆ ಜೋತು ಬೀಳಬೇಡ, ಮುಂದಿನದಕ್ಕೆ ಹೋಗು, ಬರುವುದನ್ನು ಮೊದಲು ಮುಗಿಸು. ಹೀಗೆ ಸಣ್ಣ ಸಣ್ಣ ಮಾತು. ಚೈತ್ರಳ ಕಾಯಿಲೆಯನ್ನೂ ಹಿಡಿದರು. ಇವಳು ಓಡುತ್ತ ಓದುತ್ತಾಳೆ. ಪುಟದಲ್ಲಿ ಕಂಡ ಶಬ್ದ ಉತ್ತರದಲ್ಲೂ ಕಂಡರೆ ಸಾಕು, ಗುರುತು ಹಾಕಿಬಿಡುತ್ತಾಳೆ.

ಅದಕ್ಕೆ ಮಿಸ್ ಕೊಟ್ಟ ಮದ್ದು ವಿಚಿತ್ರವಾದದ್ದು. ದಿನಕ್ಕೊಂದು ಇಂಗ್ಲಿಷ್ ಪುಟ ಓದಬೇಕು. ಓದಿ, ಇಂಗ್ಲಿಷ್ ಬಾರದ ಯಾರಿಗಾದರೂ ಮನೆಯ ಮಾತಲ್ಲಿ ಹೇಳಬೇಕು. ಅವರಿಗೆ ತಿಳಿದರೆ ನಿನಗೂ ತಿಳಿದಿದೆ ಅಂತ. ಅವರಿಗೆ ತಿಳಿಯಲಿಲ್ಲವಾದರೆ ಪುಟಕ್ಕೆ ವಾಪಸ್ಸು ಹೋಗು. ಮನೆಯಲ್ಲಿ ಅಂಥವರು ಯಾರಿದ್ದಾರೆ ಎಂದು ಕೇಳಿದರಂತೆ. ಇವಳು ನನ್ನ ಹೆಸರು ಹೇಳಿದಳು.

ನನಗೆ ಎಷ್ಟು ಸಂತೋಷವಾಯಿತು ಅಂತೀರಿ. ಇಂಗ್ಲಿಷ್ ಬಾರದಿರುವುದೂ ಒಂದು ಕೆಲಸಕ್ಕೆ ಬಂತಲ್ಲ ಎಂದು. ನನಗೆ ಗೊತ್ತಿರುವ ಕೆಲಸವೂ ಅದೇ. ಸಂಜೆ ಅವಳು ಬಿಡದಿಯಿಂದ ಬಂದು ಮುಖ ತೊಳೆದು ಕೂರುತ್ತಿದ್ದಳು. ನಾನು ಮರಿಹುಳಕ್ಕೆ ಸೊಪ್ಪನ್ನು ಸಣ್ಣಗೆ ಹೆಚ್ಚುತ್ತಿದ್ದೆ. ಅವಳು ಹೇಳುತ್ತಿದ್ದಳು, ನಾನು ಹೂಂ ಅನ್ನುತ್ತಿದ್ದೆ. ಜೇನುನೊಣ, ಸಮುದ್ರದೊಳಗಿನ ಬೆಟ್ಟ, ಯಾವುದೋ ದೇಶದ ಬ್ಯಾಂಕು. ಎಂಥ ಚೆಂದದ ದನಿ ಅವಳದು! ಕತ್ತಿಯ ಸದ್ದು, ಅವಳ ಮಾತು, ನನ್ನ ಹೂಂ, ಮೂರೂ ಹೊಂದಿಕೊಂಡು ಹೋಗುತ್ತಿದ್ದವು. ಮುಗಿಸಿ ಎದ್ದು ಅವಳಮ್ಮನಿಗೆ ಹೇಳುತ್ತಿದ್ದಳು, ನೋಡಮ್ಮ, ಅಜ್ಜಿಗೇ ತಿಳಿದುಬಿಡ್ತು ಇವತ್ತಿಂದು ಅಂತ. ನನ್ನ ಸೊಸೆ ಒಲೆಯ ಕಡೆಯಿಂದ ತಿರುಗಿ ನನ್ನನ್ನು ಒಂದು ಥರ ನೋಡುತ್ತಿದ್ದಳು. ಅತ್ತೆಯ ಹೂಂ ಎಂಥದೆಂದು ಅವಳಿಗೆ ಗೊತ್ತಿತ್ತು. ಪಾಪ, ನನ್ನ ಮರ್ಯಾದೆ ಕಾಪಾಡಿ ಸುಮ್ಮನಿದ್ದಳು.

ತಿಂಗಳು ಕಳೆಯಿತು. ಮಿಸ್ ಮತ್ತೆ ಹಳೆಯ ಪತ್ರಿಕೆ ಇಟ್ಟು ಬರೆಸಿದರು. ಲೆಕ್ಕ ಮೇಲೆ ಹೋಗಿತ್ತು. ಓದಿ ಉತ್ತರಿಸುವುದು ಮೊದಲಿದ್ದಲ್ಲೇ ಇತ್ತು. ಚೈತ್ರ ಮನೆಗೆ ಬಂದು ನೇರ ಹುಳದ ಮನೆಗೆ ಹೋಗಿ ತಟ್ಟೆಗಳನ್ನು ನೋಡುತ್ತ ನಿಂತಳು. ಹುಳ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಹುಳ ಮೇವು ಬಿಟ್ಟು ತಲೆ ಎತ್ತಿ ಅಲ್ಲಾಡದೆ ಕೂರುವುದಕ್ಕೆ ನಾವು ಜ್ವರ ಅನ್ನುತ್ತೇವೆ. ಆಗ ಹುಳದ ಮನೆಯಲ್ಲಿ ಯಾರೂ ಸದ್ದು ಮಾಡುವುದಿಲ್ಲ. ಅವಳೂ ಹಾಗೆಯೇ ನಿಂತಿದ್ದಳು. ನಾನು ಬಾಗಿಲಲ್ಲಿ ನಿಂತು ನೋಡಿ ವಾಪಸ್ಸು ಬಂದೆ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಬಂದು, ಮಿಸ್ ನಿನ್ನನ್ನು ಕರೆದುಕೊಂಡು ಬಾ ಅಂದಿದ್ದಾರೆ ಅಜ್ಜಿ ಅಂದಳು.

ನನ್ನನ್ನು ಯಾವ ಶಾಲೆಯೂ ಇಷ್ಟು ವರ್ಷದಲ್ಲಿ ಕರೆದಿರಲಿಲ್ಲ. ಭಾನುವಾರ ಒಗೆದ ಸೀರೆ ಉಟ್ಟು ಬಸ್ಸು ಹತ್ತಿದೆ. ರಾಮನಗರದ ಆ ಬೀದಿಗೆ ಹೋದರೆ ಗೂಡು ಬೇಯಿಸುವ ವಾಸನೆ ಮೂಗಿಗೆ ಬಡಿಯಿತು. ನಮ್ಮ ಮನೆಯ ಗೂಡು ಕೊನೆಗೆ ಬಂದು ಸೇರುವುದು ಇಂಥಲ್ಲಿಗೇ ಅಲ್ಲವೇ ಅನ್ನಿಸಿ, ಏಕೋ ಸ್ವಲ್ಪ ಧೈರ್ಯ ಬಂತು. ಮೆಟ್ಟಿಲು ಹತ್ತಿದೆವು. ಮಿಸ್ ನನಗಿಂತ ಎಷ್ಟೋ ಚಿಕ್ಕವರು. ಎದ್ದು ನಿಂತು ಬನ್ನಿ ಅಮ್ಮ ಅಂದರು. ಕುರ್ಚಿ ಕೊಟ್ಟರು. ನಾನು ಅದರ ಅಂಚಿನಲ್ಲಿ ಕೂತೆ. ಅವರ ಅತ್ತೆ ಚಹಾ ತಂದುಕೊಟ್ಟು, ಬಾಗಿಲಲ್ಲೇ ನಿಂತು ನನ್ನನ್ನು ನೋಡಿ ನಕ್ಕರು. ಅವರೂ ನನ್ನ ಹಾಗೆ ಮಾತಿಲ್ಲದವರು ಎಂದು ನೋಡಿದ ಕೂಡಲೇ ತಿಳಿಯಿತು.

ಮಿಸ್ ಕೇಳಿದರು, "ಅಮ್ಮ, ನಿನ್ನೆ ಚೈತ್ರ ನಿಮಗೆ ಏನು ಓದಿ ಹೇಳಿದಳು? ನನಗೊಂದಿಷ್ಟು ಹೇಳಿ."

ನಾನು ಸೆರಗು ಸುತ್ತಿದೆ, ಬಿಚ್ಚಿದೆ. "ಅದೇ... ಜೇನ್ನೊಣದ್ದು."

"ಜೇನುನೊಣ ಏನು ಮಾಡ್ತವಂತೆ?"

"ಚೆನ್ನಾಗವಂತೆ."

ಚೈತ್ರ ನನ್ನನ್ನೇ ನೋಡುತ್ತಿದ್ದಳು. "ಅಜ್ಜಿ, ಜೇನ್ನೊಣ ಆಗಿ ಎಷ್ಟೋ ದಿನ ಆಯ್ತು. ನಿನ್ನೆ ಹೇಳಿದ್ದು ಬ್ಯಾಂಕಿಂದು." ನಾನು ಹೂಂ ಅಂದೆ. ಅಭ್ಯಾಸ ನೋಡಿ. "ಮತ್ತೆ ಅಷ್ಟೊತ್ತೂ ಹೂಂ ಹೂಂ ಅಂತಿದ್ದಲ್ಲ?"

"ನೀನು ಅಷ್ಟು ಚೆಂದಾಗಿ ಹೇಳ್ತಿದ್ದೆ. ಹೂಂ ಅನ್ದೆ ಹೆಂಗಿರನವ್ವ?"

ಮಿಸ್ ನಗು ತಡೆಯಲಾಗದೆ ಗೋಡೆಯ ಕಡೆ ತಿರುಗಿಕೊಂಡರು. ಬಾಗಿಲಲ್ಲಿದ್ದ ಅವರ ಅತ್ತೆಯೂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಚೈತ್ರ ಮಾತ್ರ ನಗಲಿಲ್ಲ. ತಿಂಗಳಿಡೀ ಅವಳು ನನ್ನ ಹೂಂ ನಂಬಿಕೊಂಡು ಮುಂದೆ ಹೋಗಿದ್ದಳು. ಅದು ಅವಳ ಮುಖದಲ್ಲೇ ಕಾಣುತ್ತಿತ್ತು. ಆದರೆ ಮಿಸ್ ಅವಳನ್ನೂ ಬಿಡಲಿಲ್ಲ. ನೀನು ಅಜ್ಜಿಯ ಮುಖ ನೋಡಿಕೊಂಡು ಹೇಳುತ್ತಿದ್ದೆಯೋ, ಪುಟ ಮುಗಿದರೆ ಸಾಕು ಎಂದು ಹೇಳುತ್ತಿದ್ದೆಯೋ ಎಂದು ಕೇಳಿದರು. ಅವಳು ತಲೆ ತಗ್ಗಿಸಿದಳು.

ಆಮೇಲೆ ನನ್ನ ಕಡೆ ತಿರುಗಿದರು. ತಿಳಿಯದ ಕಡೆ, ತಿಳೀಲಿಲ್ಲ ಎಂದು ಹೇಳಿ ನಿಲ್ಲಿಸಬೇಕು, ಇನ್ನೇನೂ ಬೇಡ ಅಂದರು. ಇನ್ನೇನೂ ಬೇಡವಂತೆ! ಬೆಟ್ಟ ಹೊತ್ತು ತಾ ಅಂದಿದ್ದರೆ ಒಂದು ಕೈ ನೋಡುತ್ತಿದ್ದೆ. ನನ್ ಕೈಲಾಗಾಕಿಲ್ಲ ತಾಯಿ, ಹೇಳೋರ್ಗೆ ಅವಮಾನ ಆಯ್ತದೆ ಅಂದೆ.

"ಅಮ್ಮ, ತಿಳೀದೇ ಇರೋದು ನಿಮ್ಮ ತಪ್ಪಲ್ಲ," ಅಂದರು ಮಿಸ್. "ಅದು ಹೇಳೋರ ತಪ್ಪು. ನೀವು ಹೂಂ ಅಂದ್ರೆ ಅವಳ ತಪ್ಪು ಅವಳಿಗೆ ಕಾಣೋದೇ ಇಲ್ಲ."

ಮಕ್ಕಳೇ, ಈ ಮಾತನ್ನು ಯಾರೂ ನನಗೆ ಅಲ್ಲಿಯವರೆಗೆ ಹೇಳಿರಲಿಲ್ಲ. ತಿಳಿಯದಿರುವುದು ನನ್ನದೇ ಕೊರತೆ, ಅದನ್ನು ಮುಚ್ಚಿಟ್ಟುಕೊಳ್ಳಬೇಕು ಎಂದೇ ಬದುಕಿದವಳು ನಾನು. ಬಸ್ಸಿನಲ್ಲಿ ಬರುವಾಗ ಕಿಟಕಿಯಲ್ಲಿ ಬಂಡೆಬೆಟ್ಟಗಳು ಹಿಂದಕ್ಕೆ ಹೋಗುತ್ತಿದ್ದವು. ತಿಳೀಲಿಲ್ಲ, ತಿಳೀಲಿಲ್ಲ ಎಂದು ಬಾಯೊಳಗೇ ಹೇಳಿ ನೋಡಿಕೊಂಡೆ. ಪಕ್ಕದಲ್ಲಿ ಕೂತ ಹೆಂಗಸು, ಏನು ತಿಳೀಲಿಲ್ಲ ಅಕ್ಕ, ಬಿಡದಿ ಬಸ್ಸಾ ಇದು ಅಂತ ಕೇಳ್ತಿದ್ದೀರಾ ಅಂದಳು. ನಾನು ಹೂಂ ಅಂದೆ. ಅವಳು ಪಾಪ ಕಂಡಕ್ಟರನ್ನು ಕರೆದು, ಈಯಮ್ಮ ಬಸ್ಸು ತಪ್ಪಿ ಹತ್ತವ್ರೆ ಎಂದು ಗಲಾಟೆ ಮಾಡಿದಳು. ಚೈತ್ರ ಆಗ ನಕ್ಕಳು, ಅವತ್ತಿನ ಮೊದಲ ನಗು.

ಹೂಂ ಬಿಡುವುದು ವೀಳ್ಯದೆಲೆ ಬಿಡುವುದಕ್ಕಿಂತ ಕಷ್ಟ. ಮೊದಲ ದಿನ ತುಟಿ ಬಿಗಿಹಿಡಿದು ಕೂತೆ. ಹೂಂ ಇಲ್ಲದೆ ಅವಳಿಗೆ ಮಾತು ಓಡಲಿಲ್ಲ, ಎರಡೆರಡು ಸಲ ತಲೆ ಎತ್ತಿ, ಕೇಳ್ತಿದ್ದೀಯಾ ಅಂದಳು. ತಿಳೀಲಿಲ್ಲ ಅನ್ನುವ ಮಾತು ಗಂಟಲವರೆಗೆ ಬಂದು ಇಳಿದುಹೋಗುತ್ತಿತ್ತು. ಅದು ಮೊದಲು ಹೊರಗೆ ಬಂದದ್ದು ಅಂಗಡಿಗಳ ಮೇಲಿನ ಒಂದು ಪುಟದ ದಿನ. ಒಂದೇ ಥರದ ಅಂಗಡಿಗಳು ಪಕ್ಕಪಕ್ಕದಲ್ಲಿ ಇದ್ದರೆ ಒಂದನ್ನೊಂದು ಹಾಳುಮಾಡುತ್ತವೆ, ಹೀಗಂತ ಬರೆದಿದ್ದಾನೆ ಅಂದಳು ಚೈತ್ರ. ನನಗೆ ಬಿಡದಿಯ ತಟ್ಟೆ ಇಡ್ಲಿ ಹೋಟೆಲುಗಳು ನೆನಪಾದವು. ಒಂದರ ಪಕ್ಕ ಒಂದು, ಎಲ್ಲದರ ಮುಂದೆಯೂ ಜನ. ಕೈಯಲ್ಲಿದ್ದ ಕತ್ತಿ ನಿಂತಿತು.

"ಒಸಿ ನಿಂತ್ಕೊ. ತಿಳೀಲಿಲ್ಲ ಕಣವ್ವ," ಅಂದೆ. "ಬಿಡದೀಲಿ ಇಡ್ಲಿ ಹೋಟ್ಲು ಸಾಲಾಗವೆ. ಯಾವ್ದು ಹಾಳಾಯ್ತು?"

ಅವಳು ಪುಟಕ್ಕೆ ವಾಪಸ್ಸು ಹೋದಳು. ಬೆರಳಿಟ್ಟುಕೊಂಡು ಓದಿದಳು. ಮತ್ತೆ ಓದಿದಳು. ಆಮೇಲೆ ನಿಧಾನವಾಗಿ, ಅಜ್ಜಿ, ಹಾಳಾಗ್ತವೆ ಅಂದಿದ್ದು ಬರೆದವನಲ್ಲ, ಬೇರೆಯವರು ಅಂದಳು. ಹಾಗೆ ಅನ್ನುವವರಿದ್ದಾರೆ ಎಂದು ಮೊದಲು ಹೇಳಿ, ಆಮೇಲೆ ಅವನು ಅದನ್ನು ಅಲ್ಲಗಳೆಯುತ್ತಾನಂತೆ. ಒಂದೇ ಕಡೆ ಇದ್ದರೆ ಗಿರಾಕಿಗಳು ದೂರದಿಂದಲೂ ಅಲ್ಲಿಗೇ ಬರುತ್ತಾರೆ ಅನ್ನುವುದು ಅವನ ಮಾತು. ಚನ್ನಪಟ್ಟಣದ ಬೊಂಬೆ ಅಂಗಡಿಗಳ ಹಾಗೆ ಎಂದು ಅವಳೇ ಸೇರಿಸಿದಳು. ಕೂತಲ್ಲೇ ಅವಳ ಮುಖ ಅರಳಿತು. ಪರೀಕ್ಷೆಯಲ್ಲಿ ಅವಳು ಎಡವುತ್ತಿದ್ದದ್ದು ಅಲ್ಲೇ ಅಂತೆ. ಬೇರೆಯವರ ಮಾತನ್ನು ಬರೆದವನ ಮಾತೆಂದು ಹಿಡಿದುಕೊಂಡು ಬಿಡುತ್ತಿದ್ದಳು.

ಅವತ್ತಿನಿಂದ ಪ್ರತಿ ಮಾತಿಗೂ, ಯಾರಂದ್ರು ಇದನ್ನ, ಅವ್ನಾ ಬೇರೆಯೋರಾ ಎಂದು ಕೇಳುವುದು ನನಗೆ ರೂಢಿಯಾಯಿತು. ಇದಕ್ಕೆ ಜಾಣತನವೇನೂ ಬೇಕಿಲ್ಲ. ಊರಲ್ಲಿ ಒಂದು ಸುದ್ದಿ ಬಂದರೆ ಯಾವ ಹೆಂಗಸಾದರೂ ಮೊದಲು ಕೇಳುವುದು ಅದನ್ನೇ.

ಎಲ್ಲ ದಿನವೂ ಹೀಗೆ ಚೆನ್ನಾಗಿ ನಡೆಯಿತು ಅನ್ನಲಾರೆ. ಪರೀಕ್ಷೆ ಹತ್ತಿರ ಬಂದ ಹಾಗೆ ಅವಳಿಗೂ ದಣಿವು. ಕಾರ್ಖಾನೆಯಲ್ಲಿ ನಿಂತೂ ನಿಂತೂ ಬಂದಿರುತ್ತಿದ್ದಳು. ಒಂದು ಸಂಜೆ ನಾನು ಮತ್ತೆ ಮತ್ತೆ ತಡೆದಾಗ ಪುಸ್ತಕ ಪಟ್ಟನೆ ಮುಚ್ಚಿ, ನಿಂಗೆ ಬೇಕಂತ್ಲೇ ತಿಳಿಯಲ್ಲ ಅಂದುಬಿಟ್ಟಳು. ಚಿಕ್ಕ ಮಾತು. ಆದರೆ ಇಷ್ಟು ವರ್ಷ ಯಾವ ಮಾತಿಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದೆನೋ ಅದೇ ಮಾತು. ಮಾರನೆಯ ದಿನ ಅವಳು ಕೂತು ಹೇಳತೊಡಗಿದಾಗ ನಾನು ಸೊಪ್ಪು ನೋಡಿಕೊಂಡು ಹೂಂ ಅಂದೆ. ಅವಳು ಹೇಳಿದಳು. ನಾನು ಹೂಂ ಅಂದೆ. ನನ್ನ ತಾತನ ಕಾಲದ ಹೂಂ, ಅಡೆತಡೆ ಇಲ್ಲದ್ದು.

ಅವಳು ನಿಲ್ಲಿಸಿದಳು. ನನ್ನ ಕೈಯಿಂದ ಕತ್ತಿ ತೆಗೆದು ಕೆಳಗಿಟ್ಟಳು.

"ಹೂಂ ಅನ್ಬೇಡ ಅಜ್ಜಿ. ನೀನು ಹೂಂ ಅಂದ್ರೆ ನಂಗೆ ಭಯ ಆಯ್ತದೆ."

ಅಷ್ಟೇ. ಸೊಪ್ಪನ್ನು ಪಕ್ಕಕ್ಕೆ ಸರಿಸಿದೆ. ಆಮೇಲೆ ನಾನು, ಆ ಮೊದಲ್ನೇದೇ ತಿಳೀಲಿಲ್ಲ, ಅಲ್ಲಿಂದ ಹೇಳು ಅಂದೆ. ಅವಳು ಹೇಳಿದಳು. ನನ್ನ ಬಾಯಿಂದ ಬರುವ ಮಾತು ಒಬ್ಬರಿಗೆ ಇಷ್ಟು ಬೇಕಾಗಿದೆ ಅನ್ನುವುದು ನನಗೆ ಅವತ್ತು ಗೊತ್ತಾಯಿತು.

ಪರೀಕ್ಷೆಯ ದಿನ ಶಿವರಾಜು ಅವಳನ್ನು ಬೆಂಗಳೂರಿಗೆ ಕರೆದುಕೊಂಡು ಹೋದ. ಸಂಜೆ ಬಂದವಳನ್ನು ಯಾರೂ ಏನೂ ಕೇಳಲಿಲ್ಲ. ಅವಳೇ ಕೈಕಾಲು ತೊಳೆದು ಬಂದು, ಒಂದು ಪುಟ ನದಿಗಳ ಮೇಲೆ ಬಂದಿತ್ತು, ಒಬ್ಬರು ಏನೋ ಅಂದಿದ್ದರು, ಬರೆದವನು ಒಪ್ಪಿರಲಿಲ್ಲ ಅಂದಳು. ನಾನು ಅವಳಪ್ಪನ ಮುಖ ನೋಡಿದೆ. ಅವನು ಎಮ್ಮೆಗೆ ಹುಲ್ಲು ಹಾಕಲು ಎದ್ದುಹೋದ.

ಫಲಿತಾಂಶ ಬಂತು. ಮೈಸೂರಿನ ಸರ್ಕಾರಿ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಶಿವರಾಜು ಯಾರಿಗೂ ಏನೂ ಹೇಳದೆ ಕನಕಪುರಕ್ಕೆ ಹೋಗಿ ಒಂದು ಸೂಟ್‌ಕೇಸ್ ತಂದ. ಅವನ ಸಂತೋಷ ಹಾಗೆಯೇ, ಸಾಮಾನಿನ ರೂಪದಲ್ಲಿ ಬರುತ್ತದೆ. ನಾನೂ ನನ್ನ ಸೊಸೆಯೂ ರಾಗಿ ಹುರಿಹಿಟ್ಟು ಮಾಡಿಕೊಂಡು ನಸ್ರೀನ್ ಮಿಸ್ ಮನೆಗೆ ಹೋದೆವು. ಅವರಿಗೆ ಏನೇನೋ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಹೋಗಿ ನಿಂತರೆ ಒಂದೂ ಬರಲಿಲ್ಲ. ಅವರ ಕೈ ಹಿಡಿದುಕೊಂಡು ನಿಂತುಬಿಟ್ಟೆ. ಅವರ ಅತ್ತೆ ಬಂದು ನನ್ನ ಇನ್ನೊಂದು ಕೈ ಹಿಡಿದುಕೊಂಡರು. ಬೆಂಗಳೂರಿನ ಗಾಜಿನ ಕಟ್ಟಡದಲ್ಲೂ ಒಳ್ಳೆಯ ಪಾಠವೇ ಇರಬಹುದು, ನನಗೇನು ಗೊತ್ತು. ಆದರೆ ಅಲ್ಲಿ ಯಾರೂ ಹುಡುಗಿಯ ಅಜ್ಜಿಯನ್ನು ಕರೆಸಿ ಚಹಾ ಕೊಡುತ್ತಿರಲಿಲ್ಲ ಅನ್ನಿಸುತ್ತದೆ. ಈ ಋಣ ನಮ್ಮ ಮನೆಯ ಮೇಲಿದೆ. ತೀರಿಸಲು ಆಗುವುದಿಲ್ಲ, ನೆನಪಿಟ್ಟುಕೊಳ್ಳಿ, ಅಷ್ಟು ಸಾಕು.

ಈಗ ಚೈತ್ರ ಮೈಸೂರಿನ ಹಾಸ್ಟೆಲಿನಲ್ಲಿದ್ದಾಳೆ. ಸಂಜೆ ಊಟಕ್ಕೆ ಮುಂಚೆ ಫೋನು ಮಾಡುತ್ತಾಳೆ. ತರಗತಿಯಲ್ಲಿ ಏನು ಹೇಳಿಕೊಟ್ಟರು ಎಂದು ನನಗೆ ಹೇಳಿ ನೋಡಿಕೊಳ್ಳುತ್ತಾಳೆ. ಮೊನ್ನೆ ಗೋಡೌನಿನ ವಿಷಯ. ಸಾಮಾನು ಹೆಚ್ಚು ತಂದಿಟ್ಟರೂ ನಷ್ಟ, ಕಮ್ಮಿಯಾದರೂ ನಷ್ಟ, ಯಾವಾಗ ಎಷ್ಟು ತರಿಸಬೇಕು ಎಂದು ಲೆಕ್ಕ ಹಾಕುವ ಬಗೆ. ಹುಳಕ್ಕೆ ಸೊಪ್ಪು ಕುಯ್ಯುವ ಹಾಗೆ ಅಜ್ಜಿ, ಜಾಸ್ತಿ ಕುಯ್ದರೆ ಬಾಡುತ್ತದೆ, ಕಮ್ಮಿಯಾದರೆ ಹುಳ ಹಸಿಯುತ್ತವೆ ಅಂದಳು. ಎಷ್ಟು ಚೆನ್ನಾಗಿ ಹೇಳಿದಳೆಂದರೆ ಒಂದೊಂದು ಮಾತೂ ಎಲೆಯ ಮೇಲೆ ಬಡಿಸಿದ ಹಾಗಿತ್ತು. ಹೇಳಿ ಮುಗಿಸಿ, ತಿಳೀತಾ ಅಜ್ಜಿ, ಫೋನ್ ಇಡ್ಲಾ ಅಂದಳು.

ನನಗೆ ಎಲ್ಲ ತಿಳಿದಿತ್ತು. ಒಂದು ಅಕ್ಷರ ಬಿಡದೆ ತಿಳಿದಿತ್ತು.

"ತಿಳೀಲಿಲ್ಲ ಕಣವ್ವ," ಅಂದೆ.

ಅವಳು ಮೊದಲಿನಿಂದ ಶುರುಮಾಡಿದಳು.